ಕಾಳಿಯ ಕಲ್ಲು

ಬೆಂಗಳೂರಿನ ಮ್ಯೂಸಿಯಂ ರಸ್ತೆಯಲ್ಲಿ ಮ್ಯೂಸಿಯಂ ಇಲ್ಲ. ಊರಿಗೆ ಹೊಸದಾಗಿ ಬಂದಾಗ ನಾನು ಆ ರಸ್ತೆಯಲ್ಲಿ ಅರ್ಧ ಗಂಟೆ ಅಲೆದು, ಕೊನೆಗೆ ಒಬ್ಬ ಆಟೋದವರನ್ನು ಕೇಳಿ ನಗೆಪಾಟಲಾಗಿದ್ದೆ. ಮದರಾಸಿನ ಮ್ಯೂಸಿಯಂ ಕಟ್ಟಿದ್ದ ವೈದ್ಯ ಎಡ್ವರ್ಡ್ ಬಾಲ್ಫೋರ್, ಮೈಸೂರಿನ ಕಮಿಷನರ್ ಬೌರಿಂಗ್ ಅವರ ಬೆಂಬಲದಿಂದ 1865ರಲ್ಲಿ ಇಲ್ಲಿ ಮ್ಯೂಸಿಯಂ ಶುರುಮಾಡಿದಾಗ ಅದು ಇದ್ದದ್ದು ಆ ರಸ್ತೆಯ ಹಳೆಯ ಜೈಲು ಕಟ್ಟಡದಲ್ಲಿ. ಕೆಲವು ವರ್ಷಗಳ ನಂತರ ಅದು ಕಬ್ಬನ್ ಪಾರ್ಕಿನ ಮಗ್ಗುಲಿನ ಕೆಂಪು ಕಟ್ಟಡಕ್ಕೆ, ಇಂದಿನ ಕಸ್ತೂರಬಾ ರಸ್ತೆಗೆ, ಬಂತು. ಹೆಸರು ಮಾತ್ರ ಹಳೆಯ ರಸ್ತೆಯಲ್ಲೇ ಉಳಿಯಿತು.

ಅಂದಿನಿಂದ ಆ ಕೆಂಪು ಕಟ್ಟಡಕ್ಕೆ ಹೋಗಿಬರುವುದು ನನ್ನ ಸಣ್ಣ ಸುಖಗಳಲ್ಲಿ ಒಂದು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ಕೆಲಸದ ನೆಪ ಹೇಳಿಕೊಂಡು ಹೋಗುತ್ತೇನೆ, ಆದರೆ ಕೆಲಸವೇನೂ ಇರುವುದಿಲ್ಲ. ಅಗ್ಗದ ಟಿಕೆಟ್ಟು, ಎತ್ತರದ ಕಂಬಗಳು, ಒಳಗಿನ ತಂಪು, ಜೋಲಿಹೊಡೆದು ಎಚ್ಚೆತ್ತು ನೋಡುವ ಕಾವಲುಗಾರರು. ಪಕ್ಕದಲ್ಲೇ ವೆಂಕಟಪ್ಪ ಚಿತ್ರಶಾಲೆ. ಅಲ್ಲಿ ಕೆ. ವೆಂಕಟಪ್ಪನವರು ಜಲವರ್ಣದಲ್ಲಿ ಹಿಡಿದಿಟ್ಟ ಊಟಿಯ ಮಂಜನ್ನು ನೋಡುವುದು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿದ್ದು, ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತ ಮನುಷ್ಯ ಅವರು. ಆಮೇಲೆ ಪಾರ್ಕಿಗೆ ಬಂದು ಹತ್ತು ರೂಪಾಯಿಯ ಕಡಲೆಕಾಯಿ ಕೊಂಡು, ಒಂದು ಬೆಂಚು ಹುಡುಕಿ ಕೂರುವುದು. ಇಷ್ಟೇ. ಇದಕ್ಕಿಂತ ಹೆಚ್ಚಿನದು ಒಂದು ಭಾನುವಾರಕ್ಕೆ ಬೇಕೆಂದು ನನಗೆ ಅನ್ನಿಸಿದ್ದಿಲ್ಲ.

ಆ ಕೆಂಪು ಕಟ್ಟಡದಲ್ಲಿ ಒಂದು ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದದ್ದು. ಇತಿಹಾಸ ಓದಿದವರಿಗೆಲ್ಲ ಆತಕೂರು ಶಾಸನದ ಹೆಸರು ಗೊತ್ತು. ಕ್ರಿ.ಶ. 949ರ ಸುಮಾರಿನದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಅವನ ಕಡೆಯಿಂದ ಕಾದಿದ ಗಂಗರ ಇಮ್ಮಡಿ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮೊದಲಾದ ನಾಡುಗಳನ್ನು ಕೊಟ್ಟ. ಹದಿನಾರು ವರ್ಷ ನಾನು ಇದನ್ನು ಹೀಗೆಯೇ ಪಾಠ ಮಾಡಿದೆ. ತಕ್ಕೋಲದ ಕದನದ ಮಹತ್ವವೇನು, ಐದು ಅಂಕ. ಆಧಾರ ಯಾವುದು, ಒಂದು ಅಂಕ. ಆಧಾರ ಆತಕೂರು ಶಾಸನ ಎಂದು ಹುಡುಗರು ಬರೆಯುತ್ತಿದ್ದರು, ನಾನು ಕೆಂಪು ಶಾಯಿಯಲ್ಲಿ ಸರಿ ಹಾಕುತ್ತಿದ್ದೆ.

ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ತಕ್ಕೋಲಕ್ಕಾಗಿ ಅಲ್ಲ. ಒಂದು ನಾಯಿಗಾಗಿ.

ಬೂತುಗನ ಸೈನ್ಯದಲ್ಲಿ ಮಣಲೆರ ಎಂಬ ವೀರನಿದ್ದ. ಯುದ್ಧದಲ್ಲಿ ಎದುರು ನಿಂತು ಕಾದಿದ. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಬೂತುಗನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯನ್ನು. ಕೊಟ್ಟ. ಆಮೇಲೆ ಒಂದು ಬೇಟೆಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಎರಡೂ ಸತ್ತವು. ಮಣಲೆರ ಆತಕೂರಿನ ಶಿವನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ಅದರ ಪೂಜೆಗೆಂದು ಎರಡು ಖಂಡುಗ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾದಾಟದ ಉಬ್ಬುಶಿಲ್ಪ, ಅದರ ಸುತ್ತಮುತ್ತ ಕನ್ನಡ ಅಕ್ಷರಗಳು.

ಚೋಳರ ತಾಮ್ರಪಟಗಳೂ ರಾಜಾದಿತ್ಯನ ಸಾವನ್ನು ಹೇಳುತ್ತವೆ. ಆನೆಯ ಮೇಲಿದ್ದಂತೆಯೇ ಸತ್ತ ವೀರ ಎಂದು ಹೊಗಳುತ್ತವೆ. ಕೊಂದವನು ಬೂತುಗ, ಅದಕ್ಕೆ ಅವನಿಗೆ ದೊರೆತ ನಾಡುಗಳು ಇವು ಎಂಬ ವಿವರ ನಮಗೆ ಸಿಗುವುದು ಈ ಕಲ್ಲಿನಿಂದ. ಅಂದರೆ ದಕ್ಷಿಣ ಭಾರತದ ಒಂದು ದೊಡ್ಡ ಯುದ್ಧದ ಸುದ್ದಿ ನಾಯಿಯೊಂದರ ಸ್ಮಾರಕದ ಬೆನ್ನೇರಿ ನಮ್ಮವರೆಗೆ ಬಂದಿದೆ. ಮಣಲೆರನಿಗೆ ನಾಯಿಯ ಕತೆ ಹೇಳಬೇಕಿತ್ತು. ನಾಯಿ ಸಿಕ್ಕಿದ್ದು ಹೇಗೆಂದು ಹೇಳಲು ಯುದ್ಧದ ಕತೆ ಹೇಳಬೇಕಾಯಿತು. ನಾವು ಯುದ್ಧವನ್ನು ತೆಗೆದುಕೊಂಡು ನಾಯಿಯನ್ನು ಅಲ್ಲೇ ಬಿಟ್ಟು ಬಂದೆವು. ನಾನಂತೂ ಹದಿನಾರು ವರ್ಷದಲ್ಲಿ ಒಂದು ಸಲವೂ ತರಗತಿಯಲ್ಲಿ ಕಾಳಿಯ ಹೆಸರು ಎತ್ತಿರಲಿಲ್ಲ. ಗೊತ್ತಿರಲಿಲ್ಲವೆಂದಲ್ಲ. ಅದು ಇತಿಹಾಸದ ಪಾಠವಲ್ಲ, ಸ್ವಾರಸ್ಯದ ಸಂಗತಿ ಎಂದು ಬದಿಗಿಟ್ಟಿದ್ದೆ.

ಹೋದ ವರ್ಷ ನಮ್ಮ ಮನೆಯ ಚಿನ್ನಿ ಸತ್ತಳು. ಬೀದಿಯ ನಾಯಿ. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಮಳೆಯಲ್ಲಿ ಎತ್ತಿಕೊಂಡು ಬಂದಿದ್ದಳು. ಆರು ವರ್ಷ ನಮ್ಮ ಜೊತೆಗಿದ್ದಳು. ರಾತ್ರಿ ಊಟಕ್ಕೆ ಕೂರುವ ಮುಂಚೆ ಅವಳ ತಟ್ಟೆಗೆ ಮೊಸರನ್ನ ಹಾಕಬೇಕು, ಇಲ್ಲದಿದ್ದರೆ ನಮ್ಮ ಗಂಟಲಲ್ಲಿ ತುತ್ತು ಇಳಿಯದ ಹಾಗೆ ನೋಡುತ್ತಾ ಕೂರುತ್ತಿದ್ದಳು. ಕಾಯಿಲೆ ಬಿದ್ದು ನಾಲ್ಕೇ ದಿನದಲ್ಲಿ ಹೋದಳು. ನಾವಿರುವುದು ಮೂರನೇ ಮಹಡಿಯಲ್ಲಿ, ಹೂಳಲು ಒಂದು ಮೊಳ ಮಣ್ಣಿಲ್ಲ. ಸ್ನೇಹಿತರೊಬ್ಬರ ತೋಟಕ್ಕೆ ಬೆಡ್‌ಶೀಟಿನಲ್ಲಿ ಸುತ್ತಿ ಒಯ್ದು, ಸಪೋಟ ಮರದ ಕೆಳಗೆ ಗುಂಡಿ ತೋಡಿಸಿ ಮಣ್ಣು ಮಾಡಿ ಬಂದೆವು. ಗುರುತಿಗೆ ಏನೂ ಇಡಲಿಲ್ಲ.

ಮಗಳು ವಾರವಾದರೂ ಸರಿಯಾಗಿ ಉಣ್ಣಲಿಲ್ಲ. ಪರೀಕ್ಷೆ ಎದುರಿಗಿತ್ತು. ಒಂದು ರಾತ್ರಿ ಪುಸ್ತಕ ತೆರೆದಿಟ್ಟುಕೊಂಡು ಅಳುತ್ತಿದ್ದವಳನ್ನು ನೋಡಿ ನಾನು, "ಒಂದು ನಾಯಿಗೆ ಇನ್ನೆಷ್ಟು ದಿನ ಅಳ್ತೀಯಮ್ಮ?" ಅಂದುಬಿಟ್ಟೆ. ಗದರಿದ ದನಿಯಲ್ಲ, ಸಮಾಧಾನದ ದನಿಯಲ್ಲೇ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚಿದಳು. ಆಮೇಲೆ ನನ್ನೆದುರು ಅಳಲಿಲ್ಲ. ಮಾತೂ ಕಡಿಮೆಯಾಯಿತು. ಬೇಕಾದ್ದಕ್ಕೆ ಹೂಂ, ಬೇಡದ್ದಕ್ಕೆ ಉಹೂಂ.

ಪರೀಕ್ಷೆ ಮುಗಿದ ಮೇಲಿನ ಭಾನುವಾರ ಅವಳನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಬರಲು ಮನಸ್ಸಿರಲಿಲ್ಲ, ಬಂದಳು. ಬೇಗೂರಿನ ವೀರಗಲ್ಲಿನ ಮುಂದೆ ನಿಲ್ಲಿಸಿ ಗಂಗರ ಯುದ್ಧ ತೋರಿಸಿದೆ. ಆನೆ, ಕುದುರೆ, ಬಿಲ್ಲು, ಕತ್ತಿ. ಅವಳು ಕಾಟಾಚಾರಕ್ಕೆ ನೋಡಿದಳು. ಆಮೇಲೆ ಆತಕೂರಿನ ಕಲ್ಲಿನ ಹತ್ತಿರ ಬಂದು ಸುಮ್ಮನೆ ನಿಂತೆ. ಪಾಠ ಹೇಳಲಿಲ್ಲ. ಅವಳೇ ಬಗ್ಗಿ ನೋಡಿ, "ನಾಯಿ" ಅಂದಳು.

ಕತೆ ಹೇಳಿದೆ. ಈ ಸಲ ಕಾಳಿಯಿಂದ ಶುರುಮಾಡಿ, ಯುದ್ಧಕ್ಕೆ ಹೋಗಿ, ಮತ್ತೆ ಕಾಳಿಗೆ ಬಂದೆ. ಶಾಸನದ ಕೊನೆಯಲ್ಲಿ ಇರುವ ಕಟ್ಟಳೆಯನ್ನೂ ಹೇಳಿದೆ. ಆ ಭೂಮಿಯನ್ನು ಹಾಳುಮಾಡಿದವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆ. ಗುಡಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೂ ಅದೇ ಪಾಪ.

"ಅಂದ್ರೆ ನಾಯಿಗೆ ಮೊದಲು, ಆಮೇಲೆ ಅವರ ಊಟ?" ಅಂದಳು.

"ಹೌದು."

"ನಮ್ಮನೆ ಥರ."

ನನಗೆ ಮಾತು ಹೊರಡಲಿಲ್ಲ. ಆ ಕಟ್ಟಳೆಯನ್ನು ಎಷ್ಟೋ ಸಲ ಓದಿದ್ದೆ. ಶಾಪಾಶಯದ ಒಂದು ಮಾದರಿ ಎಂದು ಟಿಪ್ಪಣಿ ಮಾಡಿಕೊಂಡಿದ್ದೆ. ಒಬ್ಬ ಮನುಷ್ಯ, ತಾನು ಸತ್ತ ಮೇಲೂ ತನ್ನ ನಾಯಿಯ ನೆನಪಾಗದೆ ಈ ಊರಿನ ಗುಡಿಯಲ್ಲಿ ಒಂದು ತುತ್ತೂ ಎತ್ತಬಾರದು ಎಂದು ಹಟ ಹಿಡಿದದ್ದು ಅದರೊಳಗಿದೆಯೆಂದು ಹೊಳೆದಿರಲಿಲ್ಲ.

ಅವಳು ಇನ್ನೊಂದು ಪ್ರಶ್ನೆ ಕೇಳಿದಳು. "ಅಪ್ಪ, ನಾಯಿ ಏನು ಪಾಪ ಮಾಡಿತ್ತು?"

ಇದಕ್ಕೆ ಈಗಲೂ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಬೇಟೆನಾಯಿ ಬದುಕಿದ್ದೇ ಕೊಂದುಕೊಂಡು. ಅದರ ಕೊಲೆಗಳೇ ಆ ಪಾಪ ಇರಬೇಕು ಅಂದೆ. ಹಾಗಿದ್ದರೆ ಅದನ್ನು ಹಂದಿಯ ಮೇಲೆ ಬಿಟ್ಟವರಿಗೆ ಪಾಪ ಇಲ್ಲವೇ ಎಂದಳು. ಹಂದಿಗೆ ಯಾಕೆ ಪೂಜೆ ಇಲ್ಲ ಎಂದಳು. ಕಲ್ಲಿನ ಮೇಲೆ ಅದೂ ಇದೆಯಲ್ಲ ಎಂದು ತೋರಿಸಿದೆ. ಅವಳಿಗೆ ಅದು ಸಾಲಲಿಲ್ಲ. ಸರಿಯೇ. ತಾನೇ ಬೇಡಿ ಪಡೆದ ನಾಯಿಯನ್ನು ಬೇಟೆಯಲ್ಲಿ ಕಳೆದುಕೊಂಡ ಮಣಲೆರನಿಗೂ ಆ ಪ್ರಶ್ನೆ ಬಂದಿತ್ತೇನೋ. ಇಷ್ಟು ದೊಡ್ಡ ಕಲ್ಲು ನಿಲ್ಲಿಸುವವನ ದುಃಖದಲ್ಲಿ ಹೆಮ್ಮೆ ಮಾತ್ರ ಇರುವುದಿಲ್ಲ, ತಪ್ಪಿತಸ್ಥನ ಮನಸ್ಸೂ ಇರುತ್ತದೆ ಎಂದು ನನಗೆ ಅನ್ನಿಸುತ್ತದೆ. ಶಾಸನ ಹಾಗೆ ಹೇಳುವುದಿಲ್ಲ. ಇದು ನನ್ನ ಊಹೆ, ಅದೂ ನನ್ನ ತಪ್ಪಿನ ಕಡೆಯಿಂದ ನೋಡಿ ಹುಟ್ಟಿದ್ದು.

ಕಲ್ಲಿನ ಮುಂದೆಯೇ, ಇಬ್ಬರು ಕಾವಲುಗಾರರು ಕೇಳುವಂತೆ, ನಾನು ಅವಳಿಗೆ ಹೇಳಿದೆ: "ಆವತ್ತು ಹಾಗೆ ಅನ್ನಬಾರದಿತ್ತು ಪುಟ್ಟಿ. ತಪ್ಪಾಯ್ತು." ಅವಳು ಕಲ್ಲನ್ನೇ ನೋಡುತ್ತಾ, "ಹೂಂ" ಅಂದಳು. ಆ ಹೂಂ ಬೇರೆ ಥರ ಇತ್ತು.

ಪಕ್ಕದ ಚಿತ್ರಶಾಲೆಗೂ ಹೋದೆವು. ಊಟಿಯ ಮಂಜು ಅವಳಿಗೆ ಹಿಡಿಸಿತು. ಪಾರ್ಕಿನಲ್ಲಿ ಬಿದಿರ ಮೆಳೆಯ ಹತ್ತಿರ ಕೂತು ಕಡಲೆಕಾಯಿ ಸುಲಿದೆವು. ಒಂದು ಕಂದು ನಾಯಿ ಬಂದು ನಿಂತಿತು. ಅವಳು ಎದ್ದು ಹೋಗಿ ಅಂಗಡಿಯಿಂದ ಒಂದು ಪೊಟ್ಟಣ ಬಿಸ್ಕತ್ತು ತಂದು, ಅದಕ್ಕೆ ಹಾಕಿ, ಕೊನೆಯ ಎರಡನ್ನು ನಮಗೆ ಉಳಿಸಿದಳು.

ಮುಂದಿನ ವಾರ ಸ್ನೇಹಿತರ ತೋಟಕ್ಕೆ ಹೋದೆವು. ಸಪೋಟ ಮರದ ಕೆಳಗೆ ಹುಲ್ಲು ಬೆಳೆದು ಜಾಗ ಅಂದಾಜಿಗೂ ಸಿಗಲಿಲ್ಲ. ಬುಡದ ಸುತ್ತ ಎರಡು ಸುತ್ತು ಬಂದು, ಇಲ್ಲೇ ಇರಬೇಕು ಎಂದು ಅವಳು ತೋರಿಸಿದಲ್ಲಿ ಒಂದು ಗುಂಡುಕಲ್ಲು ಇಟ್ಟೆವು. ಅಕ್ಷರ ಕೆತ್ತಿಸುವಷ್ಟು ದೊಡ್ಡದಲ್ಲ. ಬಣ್ಣದಲ್ಲಿ ಹೆಸರು ಬರೆದಿದ್ದಾಳೆ. ಮಳೆಗೆ ಹೋಗುತ್ತದೆ, ಮತ್ತೆ ಬರೆದರಾಯಿತು.

ಈ ವರ್ಷ ತರಗತಿಯಲ್ಲಿ ತಕ್ಕೋಲದ ಪಾಠ ಬಂದಾಗ ಕಾಳಿಯಿಂದಲೇ ಆರಂಭಿಸಿದೆ. ಹಿಂದಿನ ಬೆಂಚಿನ ಹುಡುಗರೂ ತಲೆಯೆತ್ತಿ ಕೇಳಿದರು. ಮುಗಿದ ಮೇಲೆ ಒಬ್ಬಳು ಎದ್ದುನಿಂತು, ಇದು ಪರೀಕ್ಷೆಗೆ ಬರುತ್ತದೆಯೇ ಸರ್ ಎಂದು ಕೇಳಿದಳು. ಬರುವುದಿಲ್ಲ ಎಂದೆ. ಅವಳು ಬರೆದುಕೊಳ್ಳುತ್ತಲೇ ಇದ್ದಳು.