ಕಾರಾಗೃಹಗಳಲ್ಲಿ ಹೆಪಟೈಟಿಸ್ ಬಿ–ಎಚ್‌ಐವಿ ಜೋಡಿಸೋಂಕು

ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ವೈರಸ್ಸು ಮತ್ತು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಎಚ್‌ಐವಿ, ಇವೆರಡೂ ಒಬ್ಬನೇ ಬಂದಿಯ ದೇಹದಲ್ಲಿ ನೆಲೆಸಿರುವ ಸ್ಥಿತಿಯೇ ಜೋಡಿಸೋಂಕು. ಎರಡೂ ರಕ್ತ ಮತ್ತು ಲೈಂಗಿಕ ಸಂಪರ್ಕದಿಂದ ಹರಡುವುದರಿಂದ, ಹೆತ್ತ ತಾಯಿಯಿಂದ ಮಗುವಿಗೂ ದಾಟುವುದರಿಂದ, ಒಂದು ಹೊಕ್ಕ ದಾರಿಯಲ್ಲೇ ಇನ್ನೊಂದೂ ಹೊಗಬಹುದು. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, 2014ರ ಯಾವುದೇ ಒಂದು ದಿನ ಪ್ರಪಂಚದ ಸೆರೆಮನೆಗಳಲ್ಲಿ 1.02 ಕೋಟಿ ಜನರಿದ್ದರು, ಅವರಲ್ಲಿ ಶೇ. 3.8 ಮಂದಿಗೆ ಎಚ್‌ಐವಿ, ಶೇ. 4.8 ಮಂದಿಗೆ ಹೆಪಟೈಟಿಸ್ ಬಿ ಇತ್ತು. ಈ ಎರಡು ಅಂಕಿಗಳನ್ನು ಗುಣಿಸಿ ಜೋಡಿಸೋಂಕಿನ ಪ್ರಮಾಣ ಹೇಳುವುದು ತಪ್ಪಾದೀತು. ಒಂದೇ ಸೂಜಿಯಿಂದ ಚುಚ್ಚಿಕೊಳ್ಳುವವರ ನಡುವೆ ಎರಡೂ ಒಟ್ಟೊಟ್ಟಿಗೆ ಠಳಾಯಿಸುತ್ತವೆ.

ಹೆಪಟೈಟಿಸ್ ಬಿ ಎಚ್‌ಐವಿಗಿಂತ 50ರಿಂದ 100 ಪಟ್ಟು ಸುಲಭವಾಗಿ ಅಂಟುತ್ತದೆ. ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲೂ, ಕನಿಷ್ಠ ಏಳು ದಿನ ಜೀವ ಹಿಡಿದಿರುತ್ತದೆ. ಹಾಗಾಗಿ ಬ್ಯಾರಕ್ಕಿನಲ್ಲಿ ಕೈಯಿಂದ ಕೈಗೆ ಹೋಗುವ ಬ್ಲೇಡು, ಕದ್ದುಮುಚ್ಚಿ ಹಚ್ಚೆ ಹಾಕುವ ಸೂಜಿ, ಇವೆಲ್ಲ ಅದಕ್ಕೆ ಸಾಕು.

ಗೋಡೆಯ ಒಳಗೇ ಸೋಂಕು ಹರಡುತ್ತದೆಯೇ, ಅಥವಾ ಬಂದಿಗಳು ಅದನ್ನು ಹೊರಗಿನಿಂದ ಹೊತ್ತು ತರುತ್ತಾರೆಯೇ ಎಂಬ ಚರ್ಚೆಗೆ ಸ್ಕಾಟ್ಲೆಂಡಿನ ಗ್ಲೆನೊಕಿಲ್ ಸೆರೆಮನೆ ಉತ್ತರ ಕೊಟ್ಟಿತು. 1993ರ ಮೊದಲ ಆರು ತಿಂಗಳಲ್ಲಿ ಅಲ್ಲಿ ತೀವ್ರ ಹೆಪಟೈಟಿಸ್ ಬಿ ಪ್ರಕರಣಗಳು ಕಾಣಿಸಿಕೊಂಡವು. ಜೊತೆಗೇ ಹೊಸ ಎಚ್‌ಐವಿ ಸೋಂಕುಗಳೂ ಪತ್ತೆಯಾದವು. ಆಗ ಸೆರೆಮನೆಯೊಳಗೇ ಹತ್ತು ದಿನ ಆಪ್ತಸಮಾಲೋಚನೆ, ರಕ್ತಪರೀಕ್ಷೆ ನಡೆದವು. ಒಟ್ಟು 378 ಬಂದಿಗಳಲ್ಲಿ 227 ಮಂದಿ ಸಮಾಲೋಚನೆಗೆ ಬಂದರು, 162 ಮಂದಿ ರಕ್ತ ಕೊಟ್ಟರು. ಎಚ್‌ಐವಿ ಕಂಡದ್ದು 12 ಮಂದಿಯಲ್ಲಿ. ಅಷ್ಟೂ ಜನ ಅದೇ ಸೆರೆಮನೆಯಲ್ಲಿ ಮಾದಕವಸ್ತು ಚುಚ್ಚಿಕೊಂಡವರು. ಒಳಗೆ ಚುಚ್ಚಿಕೊಂಡಿದ್ದೇವೆಂದು ಒಪ್ಪಿಕೊಂಡ 33 ಮಂದಿಯಲ್ಲಿ 32 ಮಂದಿ ಸಿರಿಂಜು ಹಂಚಿಕೊಂಡಿದ್ದರು. ಸೆರೆಮನೆಗೆ ಬಂದ ದಿನ ಮತ್ತು ಹಿಂದಿನ ಪರೀಕ್ಷೆಗಳ ಫಲಿತಾಂಶ ತಾಳೆ ನೋಡಿದಾಗ, ಕನಿಷ್ಠ ಎಂಟು ಮಂದಿಗೆ ಒಳಗೇ ಸೋಂಕು ತಗಲಿದ್ದು ಖಚಿತವಾಯಿತು. ಪರೀಕ್ಷೆಗೆ ಬಾರದೆ ಉಳಿದವರನ್ನು ನೆನೆದರೆ ಎಂಟು ಎಂಬುದು ಕನಿಷ್ಠ ಅಂಕಿಯೇ.

ಎಚ್‌ಐವಿ ಇಲ್ಲದ ವಯಸ್ಕರಲ್ಲಿ ಹೆಪಟೈಟಿಸ್ ಬಿ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಯಲ್ಲಿ ಮಾತ್ರ ಬೇರೂರುತ್ತದೆ. ಎಚ್‌ಐವಿ ಇದ್ದವರಲ್ಲಿ ಅದು ಉಳಿದುಕೊಳ್ಳುವ ಸಂಭವ ಹೆಚ್ಚು, ಯಕೃತ್ತು ಗಡುಸಾಗಿ ಸಿರೋಸಿಸ್‌ಗೆ ಇಳಿಯುವ ವೇಗವೂ ಹೆಚ್ಚು. ಕಣ್ಣು ಹಳದಿಯಾಗುವುದೇ ಕಾಮಾಲೆಯ ಗುರುತೆಂದು ಕಾಯುತ್ತ ಕುಳಿತರೆ ರೋಗ ಸಿಗದು. ಎಷ್ಟೋ ಸಲ ಯಾವ ಲಕ್ಷಣವೂ ಇರುವುದಿಲ್ಲ.

ಚಿಕಿತ್ಸೆಯ ಮಟ್ಟಿಗೆ ಅದೃಷ್ಟವೆನ್ನಬಹುದಾದ ಸಂಗತಿಯೊಂದಿದೆ: ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಎರಡೂ ವೈರಸ್ಸುಗಳ ಮೇಲೆ ಕೆಲಸ ಮಾಡುತ್ತವೆ. ಇವೆರಡರ ಜೊತೆ ಡೊಲುಟೆಗ್ರವಿರ್ ಸೇರಿದ, ದಿನಕ್ಕೊಂದರಂತೆ ನುಂಗುವ ಮಾತ್ರೆಯನ್ನು ಭಾರತದ ಎಚ್‌ಐವಿ ಚಿಕಿತ್ಸೆಯ (ಎಆರ್‌ಟಿ) ಕೇಂದ್ರಗಳು ಉಚಿತವಾಗಿ ಕೊಡುತ್ತವೆ. ಲ್ಯಾಮಿವುಡಿನ್ ಒಂದನ್ನೇ ನಂಬಿದರೆ ಹೆಪಟೈಟಿಸ್ ವೈರಸ್ಸು ಅದಕ್ಕೆ ಜಗ್ಗದಂತಾಗುತ್ತದೆ. ಮಾತ್ರೆ ಇದ್ದಕ್ಕಿದ್ದಂತೆ ನಿಂತರೆ ಅಪಾಯ ಇಮ್ಮಡಿ: ಎಚ್‌ಐವಿ ಮರಳುವುದಲ್ಲದೆ ಯಕೃತ್ತಿನ ಉರಿಯೂತ ಭುಗಿಲೆದ್ದು ಪ್ರಾಣಕ್ಕೇ ಕುತ್ತಾಗಬಹುದು. ಸೆರೆಮನೆಯಲ್ಲಿ ಮಾತ್ರೆ ತಪ್ಪುವ ಸಂದರ್ಭಗಳು ಬಂಧನ, ವರ್ಗಾವಣೆ ಮತ್ತು ಬಿಡುಗಡೆ. ಬೆಂಗಳೂರಿನ ಪರಪ್ಪನ ಅಗ್ರಹಾರ ಸೆರೆಮನೆಯಿಂದ ಬೆಳಗಾವಿಯ ಹಿಂಡಲಗಾಕ್ಕೋ ಬಳ್ಳಾರಿಗೋ ಬಂದಿಯನ್ನು ಸಾಗಿಸುವ ವಾಹನದಲ್ಲೇ ಅವನ ಚಿಕಿತ್ಸಾ ದಾಖಲೆ, ಒಂದಷ್ಟು ದಿನದ ಮಾತ್ರೆಗಳೂ ಹೋಗಬೇಕಾದ್ದು ಇದಕ್ಕೇ.

ಎಚ್‌ಐವಿಗೆ ಲಸಿಕೆಯಿಲ್ಲ, ಹೆಪಟೈಟಿಸ್ ಬಿಗೆ 1981ರಿಂದಲೂ ಇದೆ. ಮೂರು ಡೋಸುಗಳಿಗೆ ಆರು ತಿಂಗಳು ಬೇಕೆಂಬುದು ಅಲ್ಪಾವಧಿ ಬಂದಿಗಳ ವಿಷಯದಲ್ಲಿ ನೆಪವಾಗಬಾರದು. 0, 7 ಮತ್ತು 21ನೇ ದಿನ ಕೊಟ್ಟು ವರ್ಷದ ನಂತರ ನಾಲ್ಕನೆಯದನ್ನು ಹಾಕುವ ತ್ವರಿತ ಕ್ರಮವೂ ಇದೆ. ಎಚ್‌ಐವಿ ಇದ್ದವರಲ್ಲಿ ಲಸಿಕೆ ಕಡಿಮೆ ನಾಟುವುದರಿಂದ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಸೆರೆಮನೆಯಲ್ಲಿ ಶುದ್ಧ ಸಿರಿಂಜು ಹಂಚುವ ಪದ್ಧತಿ 1992ರಲ್ಲಿ ಸ್ವಿಟ್ಜರ್ಲೆಂಡಿನ ಓಬರ್‌ಶೋನ್‌ಗ್ರೂನ್‌ನಲ್ಲಿ ಮೊದಲಾಯಿತು. ಒಪ್ಪಿಕೊಂಡ ದೇಶಗಳು ಇಂದಿಗೂ ಬೆರಳೆಣಿಕೆಯಷ್ಟೇ.

ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳು (2015) ಹೊರಗಿನ ಸಮಾಜಕ್ಕೆ ಸಿಗುವ ಮಟ್ಟದ ವೈದ್ಯಕೀಯ ಆರೈಕೆ ಬಂದಿಗಳಿಗೂ ಸಿಗಬೇಕೆನ್ನುತ್ತವೆ. ಭಾರತದ 2017ರ ಎಚ್‌ಐವಿ ಕಾಯ್ದೆ ಸರ್ಕಾರದ ಸುಪರ್ದಿಯಲ್ಲಿರುವ ಪ್ರತಿಯೊಬ್ಬರಿಗೂ ಪರೀಕ್ಷೆ, ಚಿಕಿತ್ಸೆಯ ಹಕ್ಕು ಕೊಟ್ಟಿದೆ. ವೈರಲ್ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 2018ರ ಜುಲೈ 28ರಂದು ಆರಂಭವಾಯಿತು. 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿ ನೂರು ಜನರ ಜಾಗದಲ್ಲಿ 131 ಮಂದಿ ಇದ್ದರು. ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಕೆಲವು ರಾಜ್ಯಗಳಲ್ಲಿ ಮೊದಲೇ ಬಂದಿದ್ದರೂ ದೇಶಾದ್ಯಂತ ವಿಸ್ತರಿಸಿದ್ದು 2011ರಲ್ಲಿ. ಆ ವರ್ಷ ಹುಟ್ಟಿದವರಿಗೆ ಹದಿನೆಂಟು ತುಂಬಿ, ಅವರು ವಯಸ್ಕರ ಸೆರೆಮನೆಗೆ ಬರಬಹುದಾದ್ದು 2029ರಲ್ಲಿ.