ವಾರಂಟಿ ಮುಗಿದ ಮಾರನೇ ದಿನ

ಮೊಬೈಲ್ ಸರ್ವಿಸ್ ಸೆಂಟರುಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತು "ಔಟ್ ಆಫ್ ವಾರಂಟಿ". ನಮ್ಮ ಮುಂಬೈಯಲ್ಲಾದರೆ "ವಾರಂಟಿ ಖತಮ್ ಹೋ ಗಯಾ, ಅಂಕಲ್". ಆಪರೇಷನ್ ಥಿಯೇಟರಿನಿಂದ ಹೊರಗೆ ಬಂದ ಡಾಕ್ಟರು ತಲೆ ಅಲ್ಲಾಡಿಸಿದ ಹಾಗಿರುತ್ತೆ ಆ ಧಾಟಿ. ನಾವೂ ಒಪ್ಪಿಕೊಂಡು ಎದ್ದು ಬರುತ್ತೇವೆ.

ಈ ಒಂದು ವರ್ಷದ ಗಡುವು ಯಾವ ಕಾನೂನಿನಲ್ಲಿದೆ ಅಂತ ಹುಡುಕುತ್ತಾ ಹೋದೆ. ಎಲ್ಲೂ ಇಲ್ಲ! ಮೊಬೈಲಿಗೆ ಒಂದು ವರ್ಷದ ಆಯುಸ್ಸು ಅಂತ ನಮ್ಮ ದೇಶದ ಯಾವ ಕಾಯಿದೆಯಲ್ಲೂ ಬರೆದಿಲ್ಲ. ಅದು ಕಂಪನಿ ತಾನಾಗಿಯೇ ಕೊಟ್ಟ ಮಾತು. ಕಾನೂನು ಮಾರುವವನ ಮೇಲೆ ಹೊರಿಸಿದ ಹೊಣೆ ಬೇರೆಯೇ ಇದೆ, ಮತ್ತು ಅದು ವಾರಂಟಿ ಕಾರ್ಡಿಗಿಂತ ಹಳೆಯದು.

ಹಿಂದಿನ ಕಾಲದ ನ್ಯಾಯ ಸರಳ. ಕೊಳ್ಳುವವನೇ ಹುಷಾರಾಗಿರಬೇಕು. ಸಂತೆಯಲ್ಲಿ ಎತ್ತು ಕೊಳ್ಳುವಾಗ ಅಜ್ಜ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದ, ಬಾಲ ಎತ್ತಿ ನೋಡುತ್ತಿದ್ದ, ನಾಲ್ಕು ಹೆಜ್ಜೆ ನಡೆಸುತ್ತಿದ್ದ. ಮನೆಗೆ ತಂದ ಮೇಲೆ ಕುಂಟಿದರೆ ಅದು ಅಜ್ಜನ ಹಣೆಬರಹ. ಇಂಗ್ಲೆಂಡಿನಲ್ಲೂ ಇದೇ ನ್ಯಾಯ ಇತ್ತು. ಅಲ್ಲಿ ಕಾರ್ಖಾನೆಗಳು ಬಂದ ಮೇಲೆ ಮಾಲಿನ ಹಲ್ಲು ನೋಡುವುದು ಕಷ್ಟವಾಯಿತು. ಆಗ 1893ರಲ್ಲಿ ಸರಕು ಮಾರಾಟ ಕಾಯಿದೆ ಬಂತು. ಅದರ ಕರಡು ಬರೆದ ಮೆಕೆಂಝಿ ಚಾಮರ್ಸ್ ಎಂಬಾತ ಆಮೇಲೆ ನಮ್ಮಲ್ಲಿಗೇ ಬಂದು ವೈಸರಾಯ್ ಮಂಡಳಿಯಲ್ಲಿ ಕಾನೂನು ಸದಸ್ಯನಾಗಿದ್ದ. ಅದೇ ಕಾಯಿದೆಯ ಅಚ್ಚಿನಲ್ಲಿ ಎರಕ ಹೊಯ್ದದ್ದು ನಮ್ಮ 1930ರ ಸರಕು ಮಾರಾಟ ಕಾಯಿದೆ.

ಈ 1930ರ ಕಾಯಿದೆಯ 16ನೇ ಕಲಮನ್ನು ಓದಿದರೆ ಮಜಾ ಇದೆ. ಮೊದಲು ಹಳೇ ನ್ಯಾಯವನ್ನೇ ಹೇಳುತ್ತೆ. ಗುಣಮಟ್ಟದ ಬಗ್ಗೆ ಮಾರುವವನು ಬಾಯಿಬಿಟ್ಟು ಹೇಳದ ಭರವಸೆ ಯಾವುದೂ ಇರುವುದಿಲ್ಲ ಅಂತ. ಆಮೇಲೆ "ಆದರೆ" ಅಂತ ಶುರು ಮಾಡಿ ಒಂದೊಂದೇ ಕಿಟಕಿ ತೆರೆಯುತ್ತೆ. ಆ ಬಗೆಯ ಮಾಲಿನ ವ್ಯಾಪಾರವನ್ನೇ ಮಾಡುವವನ ಹತ್ತಿರ ವರ್ಣನೆ ನೋಡಿ ಕೊಂಡರೆ, ಮಾಲು ಮಾರಾಟಕ್ಕೆ ಯೋಗ್ಯ ಮಟ್ಟದ್ದಾಗಿರಲೇಬೇಕು. ಕೊಳ್ಳುವವನು ಪರೀಕ್ಷೆ ಮಾಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಮಾತ್ರ ರಿಯಾಯಿತಿ. ಕಾಣದ, ಒಳಗಿನ ದೋಷಕ್ಕೆ ಇಲ್ಲ. ಅಂಗಡಿಯಲ್ಲಿ ಫೋನು ಹಿಡಿದು ನಾವು ಮಾಡುವ ಪರೀಕ್ಷೆ ಏನು ಹೇಳಿ? ಪರದೆ ಒರೆಸಿ ಒಂದು ಸೆಲ್ಫಿ ತೆಗೆಯುವುದು! ಮದರ್‌ಬೋರ್ಡಿನ ಬೆಸುಗೆ ಯಾವ ಅಜ್ಜನಿಗೆ ಕಾಣುತ್ತೆ?

ಆದರೆ ಇದೇ ಕಾಯಿದೆಯ 62ನೇ ಕಲಂ, ಇಂಥ ಹೊಣೆಗಳನ್ನೆಲ್ಲ ಸ್ಪಷ್ಟ ಒಪ್ಪಂದದಿಂದ ತೆಗೆದುಹಾಕಬಹುದು ಅನ್ನುತ್ತೆ. ವಾರಂಟಿ ಕಾರ್ಡಿನ ಇರುವೆ ಸಾಲಿನಂಥ ಅಕ್ಷರಗಳ ಗುಟ್ಟು ಇದೇ. ಕೊಡುವುದನ್ನು ದೊಡ್ಡಕ್ಷರದಲ್ಲಿ ಹೇಳಿ, ಕೊಡದಿರುವುದನ್ನು ಸಣ್ಣಕ್ಷರದಲ್ಲಿ ಹೇಳುವುದು. ಮೇಲಾಗಿ 1930ರ ಕಾಯಿದೆ ಹಿಡಿದು ಹೋಗಬೇಕಾದದ್ದು ಸಿವಿಲ್ ಕೋರ್ಟಿಗೆ. ಹತ್ತು ಸಾವಿರದ ವಸ್ತುವಿಗೆ ಹತ್ತು ವರ್ಷ ಅಲೆಯುವವರು ಯಾರು?

ಇನ್ನೊಂದು ಕಥೆ ಸ್ಕಾಟ್ಲೆಂಡಿನದು. 1928ರಲ್ಲಿ ಪೇಸ್ಲಿ ಎಂಬ ಊರಿನ ಕೆಫೆಯಲ್ಲಿ ಮೇ ಡೊನಾಹ್ಯೂ ಎಂಬ ಹೆಂಗಸಿಗೆ ಗೆಳತಿಯೊಬ್ಬಳು ಜಿಂಜರ್ ಬಿಯರ್ ಕೊಡಿಸಿದಳು. ಅರ್ಧ ಕುಡಿದ ಮೇಲೆ ಬಾಟಲಿಯಿಂದ ಕೊಳೆತ ಬಸವನಹುಳು ಬಿತ್ತು ಅಂತ ಆಕೆಯ ದೂರು. ದುಡ್ಡು ಕೊಟ್ಟದ್ದು ಗೆಳತಿ, ಮಾರಿದ್ದು ಕೆಫೆಯವನು, ತಯಾರಿಸಿದವನು ಇನ್ಯಾರೋ. 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ತಯಾರಕನಿಗೆ ಕಡೆಯಲ್ಲಿ ಬಳಸುವವಳ ಬಗ್ಗೆಯೂ ಹೊಣೆ ಇದೆ ಅಂತ ತೀರ್ಪು ಕೊಟ್ಟಿತು. ಬಾಟಲಿ ಕಪ್ಪು ಗಾಜಿನದು, ಒಳಗೇನಿದೆ ಅಂತ ನೋಡುವ ಹಾಗಿರಲಿಲ್ಲ. ನನಗೆ ಆ ಬಾಟಲಿ ನೆನಪಾದಾಗಲೆಲ್ಲ ಅಂಟು ಹಾಕಿ ಮುಚ್ಚಿದ ಇಂದಿನ ಫೋನುಗಳೇ ಕಣ್ಣಮುಂದೆ ಬರುತ್ತವೆ.

ಇರಲಿ, ನಮ್ಮ ಊರಿಗೆ ಬರೋಣ. ನಾನು ಕುಮಟೆಯಿಂದ ಬಂದು ಡೊಂಬಿವಲಿ ಸೇರಿ ಮೂವತ್ತು ವರ್ಷ ಮೀರಿತು. ಇಲ್ಲಿನ ಗ್ರಾಹಕ ಚಳವಳಿಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಇದೆ. 1966ರಲ್ಲಿ ಮುಂಬೈಯ ಕೆಲವು ಹೆಂಗಸರು ಸೇರಿ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಕಟ್ಟಿದರು. ರೇಷನ್ ಕ್ಯೂ, ಕಲಬೆರಕೆ ಎಣ್ಣೆ, ತೂಕದಲ್ಲಿ ಮೋಸ, ಇವುಗಳ ಕಾಲ ಅದು. 1975ರಲ್ಲಿ ಮುಂಬೈ ಗ್ರಾಹಕ ಪಂಚಾಯತ್ ಹುಟ್ಟಿತು. ಹತ್ತಾರು ಮನೆಯವರು ಒಂದು ಗುಂಪಾಗಿ ತಿಂಗಳ ದಿನಸಿಯನ್ನು ಸಗಟಾಗಿ ತರಿಸಿ ಹಂಚಿಕೊಳ್ಳುವ ಏರ್ಪಾಡು ಅವರದು. ನಮ್ಮ ಕರಾವಳಿಯಲ್ಲೂ ಎಂಬತ್ತರ ದಶಕದಲ್ಲಿ ಬಸ್ರೂರು-ಉಡುಪಿ ಕಡೆಯ ಬಳಕೆದಾರರ ವೇದಿಕೆ ಸಾಕಷ್ಟು ಸದ್ದು ಮಾಡಿತ್ತು. (ಪದಗಳನ್ನು ಗಮನಿಸಿ: ಮರಾಠಿಯವರು ಗ್ರಾಹಕ ಅಂದರು, ಉಡುಪಿಯವರು ಬಳಕೆದಾರ ಅಂದರು. ಅಂಗಡಿಯವರಿಗೆ ಮಾತ್ರ ನಾವು ಎಲ್ಲೆಡೆಯೂ ಗಿರಾಕಿಗಳೇ!)

1985ರ ಏಪ್ರಿಲಿನಲ್ಲಿ ವಿಶ್ವಸಂಸ್ಥೆ ಗ್ರಾಹಕ ರಕ್ಷಣೆಯ ಮಾರ್ಗಸೂಚಿ ಹೊರಡಿಸಿತು. ಮರುವರ್ಷ, 1986ರ ಡಿಸೆಂಬರ್ 24ರಂದು, ನಮ್ಮ ಗ್ರಾಹಕ ರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ವಕೀಲರಿಲ್ಲದೆ ಹೋಗಬಹುದಾದ ಜಿಲ್ಲಾ ವೇದಿಕೆಗಳು ಬಂದವು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದರಲ್ಲಿನ "ದೋಷ" ಎಂಬ ಪದದ ಅರ್ಥ. ಗುಣಮಟ್ಟದಲ್ಲಿ, ಪ್ರಮಾಣದಲ್ಲಿ, ಕಾನೂನಿನ ಪ್ರಕಾರ ಇರಬೇಕಾದ ಮಟ್ಟದಲ್ಲಿ ಇರುವ ಯಾವುದೇ ಕೊರತೆ ಅಂತ. ಅಲ್ಲಿ ವಾರಂಟಿ ಅವಧಿಯೊಳಗೆ ಎಂಬ ಷರತ್ತೇ ಇಲ್ಲ. ತಕರಾರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು, ಅಷ್ಟೇ.

ಆಗ ನಮ್ಮ ದೇಶದಲ್ಲಿ ಮೊಬೈಲೇ ಇರಲಿಲ್ಲ. ಮೊದಲ ಕರೆ ಹೋದದ್ದು 1995ರ ಜುಲೈ 31ಕ್ಕೆ, ಕಲ್ಕತ್ತೆಯಿಂದ ಜ್ಯೋತಿ ಬಸು ದಿಲ್ಲಿಯ ಸುಖ್ ರಾಮ್ ಅವರಿಗೆ ಮಾಡಿದ್ದು. ಹನ್ನೆರಡು ವರ್ಷದ ನಂತರ, 2007ರ ಆಗಸ್ಟಿನಲ್ಲಿ, ನೋಕಿಯಾದ ಬಿಎಲ್-5ಸಿ ಬ್ಯಾಟರಿಯ ಗಲಾಟೆ ನೆನಪಿದೆಯಾ? ಮತ್ಸುಶಿತಾ ಕಂಪನಿ 2005ರ ಡಿಸೆಂಬರಿನಿಂದ 2006ರ ನವೆಂಬರಿನವರೆಗೆ ಮಾಡಿದ 4.6 ಕೋಟಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಕಾಯಬಹುದು ಅಂತ ನೋಕಿಯಾ ತಾನೇ ಹೇಳಿ, ಪುಕ್ಕಟೆ ಬದಲಿಸಿಕೊಟ್ಟಿತು. ಲೋಕಲ್ ಟ್ರೇನಿನಲ್ಲಿ ಜನ ಫೋನಿನ ಬೆನ್ನು ಬಿಚ್ಚಿ, ಕನ್ನಡಕ ಏರಿಸಿ, ಬ್ಯಾಟರಿಯ ಮೇಲಿನ ನಂಬರು ಓದುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಆಗ ಮುಖ್ಯವಾದದ್ದು ಆ ನಂಬರು. ದೋಷ ಕಾರ್ಖಾನೆಯದು ಅಂತ ಗೊತ್ತಾದರೆ ವಾರಂಟಿಯ ತಾರೀಕು ಹಿಂದೆ ಸರಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆದರೆ ಕಂಪನಿ ಒಪ್ಪದಿದ್ದರೆ? ಅಲ್ಲೇ ಇರುವುದು ಕಷ್ಟ. ದೋಷ ಕಾರ್ಖಾನೆಯದೇ ಅಂತ ಸಾಬೀತು ಮಾಡುವ ಭಾರ ನಮ್ಮ ಹೆಗಲಿಗೆ. ವಾರಂಟಿ ದಾಟಿದ ಮೇಲೆ ಬರೀ "ಕೆಟ್ಟುಹೋಯಿತು" ಅಂದರೆ ಆಯೋಗಗಳು ಒಪ್ಪುವುದಿಲ್ಲ. ಹಳೆಯ ಕಾಯಿದೆಯಲ್ಲೂ, ಅದರ ಜಾಗಕ್ಕೆ 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯಿದೆಯಲ್ಲೂ, ವಸ್ತುವನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಿ 45 ದಿನದಲ್ಲಿ ವರದಿ ತರಿಸುವ ಅವಕಾಶವಿದೆ. ಬಹಳ ಜನ ಅದನ್ನು ಕೇಳುವುದೇ ಇಲ್ಲ. ಹೊಸ ಕಾಯಿದೆಯಿಂದ ಎರಡು ಅನುಕೂಲ ಆಗಿದೆ: ನಾವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಅದರಲ್ಲಿ "ಉತ್ಪನ್ನ ಹೊಣೆ" ಅಂತ ಒಂದು ಅಧ್ಯಾಯವನ್ನೇ ಸೇರಿಸಿದ್ದಾರೆ, ಪತ್ರಿಕೆಗಳು ಅದನ್ನು ಹಾಡಿ ಹೊಗಳಿದವು. ಆದರೆ ಅಲ್ಲಿನ "ಹಾನಿ"ಯ ಅರ್ಥದಲ್ಲಿ ವಸ್ತುವಿಗೇ ಆದ ಹಾನಿ ಸೇರುವುದಿಲ್ಲ. ಫೋನು ಸಿಡಿದು ಕೈ ಸುಟ್ಟರೆ ಆ ಅಧ್ಯಾಯ. ಸುಮ್ಮನೆ ಸತ್ತುಹೋದರೆ ಹಳೆಯ "ದೋಷ"ದ ದಾರಿಯೇ ಗತಿ.

2023ರಲ್ಲಿ ನನ್ನ ಹೆಂಡತಿಯ ಫೋನು ಹಾಗೆ ಸುಮ್ಮನೆ ಸತ್ತಿತು. ಕೊಂಡು 13 ತಿಂಗಳು. ಬೆಲೆ 16 ಸಾವಿರ, ಬೋರ್ಡು ಬದಲಿಸಲು ಕೇಳಿದ್ದು 11 ಸಾವಿರ. ಆದರೆ ಹತ್ತನೇ ತಿಂಗಳಲ್ಲೇ ಅದು ಕಾಯುತ್ತದೆ ಅಂತ ಸರ್ವಿಸ್ ಸೆಂಟರಿಗೆ ಕೊಟ್ಟಿದ್ದೆವು, ಅವರು ಸಾಫ್ಟ್‌ವೇರ್ ಹಾಕಿ ಕಳಿಸಿದ್ದರು. ಆ ಜಾಬ್ ಶೀಟು ನನ್ನ ಫೈಲಿನಲ್ಲಿತ್ತು. ದೋಷ ವಾರಂಟಿಯೊಳಗೇ ತಲೆ ತೋರಿಸಿತ್ತು ಅನ್ನುವುದಕ್ಕೆ ಆ ಚೀಟಿಯೇ ಸಾಕ್ಷಿ. ಅದರ ಪ್ರತಿ ಇಟ್ಟು ಕಂಪನಿಗೆ ಪತ್ರ ಬರೆದೆ, 1915ಕ್ಕೆ ಫೋನು ಮಾಡಿ ದೂರು ದಾಖಲಿಸಿದೆ. ಆ ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಕಂಪನಿಗೆ ದಾಟಿಸುತ್ತಾರೆ ಅಷ್ಟೇ. ಐದು ವಾರಕ್ಕೆ ಪುಕ್ಕಟೆ ಹೊಸ ಬೋರ್ಡು ಬಂತು.

ಬೋರ್ಡಿನ ಜೊತೆ ಅದರಲ್ಲಿದ್ದದ್ದೂ ಹೋಯಿತು. ಅತ್ತೆ ತೀರಿಕೊಳ್ಳುವ ಮುಂಚೆ ಕುಮಟೆಯ ಮನೆಯ ಜಗುಲಿಯಲ್ಲಿ ಕೂತು ಹೇಳಿದ ಹದಿನೇಳು ಮದುವೆ ಹಾಡುಗಳು ಅದರಲ್ಲಿದ್ದವು. ಹಳೇ ಬೋರ್ಡನ್ನಾದರೂ ವಾಪಸು ಕೊಡಿ ಅಂದೆವು. ಬದಲಿಸಿದ ಭಾಗ ಕಂಪನಿಯ ಸೊತ್ತು, ಕಾರ್ಡಿನಲ್ಲಿ ಬರೆದಿದೆ ಅಂದರು. ನೋಡಿದೆ, ಹೌದು, ಬರೆದಿತ್ತು.

ಲ್ಯಾಮಿಂಗ್ಟನ್ ರಸ್ತೆಯ ರಿಪೇರಿ ಹುಡುಗನೊಬ್ಬನನ್ನು ಆಮೇಲೆ ಕೇಳಿದೆ. ಒಂದು ಚಿಪ್ ಹೋಗಿರುತ್ತೆ, ಬೋರ್ಡು ಕೈಗೆ ಸಿಕ್ಕಿದ್ದರೆ ಪ್ರಯತ್ನ ಮಾಡಬಹುದಿತ್ತು ಅಂದ. ಬಿಡಿಭಾಗ, ನಕ್ಷೆ ಎರಡನ್ನೂ ಕಂಪನಿಗಳು ಹೊರಗಿನವರಿಗೆ ಕೊಡುವುದಿಲ್ಲ ಅನ್ನುವುದು ಅವನ ಗೋಳು. ಯುರೋಪಿನಲ್ಲಿ 1999ರ ನಿರ್ದೇಶನದಿಂದ ಗ್ರಾಹಕ ವಸ್ತುಗಳಿಗೆ 2 ವರ್ಷದ ಹೊಣೆ ಕಾನೂನಿನದ್ದೇ. 2025ರ ಜೂನ್ 20ರಿಂದ ಅಲ್ಲಿ ಹೊಸ ಮಾದರಿಯ ಫೋನುಗಳ ಮಾರಾಟ ನಿಂತ ಮೇಲೂ 7 ವರ್ಷ ಬಿಡಿಭಾಗ ಒದಗಿಸಬೇಕು. ನಮ್ಮ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಫೋನುಗಳಿಗೆ ರಿಪೇರಿ ಅಂಕ ಕೊಡುವ ಬಗ್ಗೆ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಆ ಅಂಕದ ಲೆಕ್ಕಕ್ಕೆ ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಸಿಗುತ್ತದೆಯೇ ಎಂಬಂಥ ಅಂಶಗಳಿವೆ. ಬದಲಿಸಿದ ಹಳೇ ಭಾಗ ಯಾರದು ಎಂಬ ಪ್ರಶ್ನೆ ಇಂಥ ಅಂಕಪಟ್ಟಿಯಲ್ಲಿ ಕೂರುವಂಥದ್ದಲ್ಲ. ಹೆಂಡತಿ ಈಗ ಊರಿಗೆ ಹೋದಾಗಲೆಲ್ಲ ತನ್ನ ಚಿಕ್ಕಮ್ಮನ ಹತ್ತಿರ ಆ ಹಾಡುಗಳನ್ನು ಕೇಳಿ ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಇಲ್ಲಿಯವರೆಗೆ ಒಂಬತ್ತು ಸಿಕ್ಕಿವೆ.