ದೀವಟಿಗೆಯಿಂದ ಮೇಣದ ಬತ್ತಿಗೆ: ಚಿತ್ರಗೀತೆಯ ರಂಗಪ್ರವೇಶ

ಚಲಚ್ಚಿತ್ರದ ಹಾಡು ಚಿತ್ರಮಂದಿರವನ್ನು ಬಿಟ್ಟು ಸಭಾಗೃಹಕ್ಕೆ ಬಂದು ಬಹುಕಾಲವಾಯಿತು. ಕಳೆದ ಕೆಲವು ವರ್ಷಗಳಿಂದ ಮುಂಬಯಿ ಪ್ರದೇಶದಲ್ಲಿ ಅದು ಹೊಸದೊಂದು ವೇಷದಲ್ಲಿ ಕಾಣಿಸಿಕೊಳ್ಳುತ್ತಿದೆ. ವಿದ್ಯುದ್ದೀಪಗಳನ್ನು ಆರಿಸಿ, ನೂರಾರು ಮೇಣದ ಬತ್ತಿಗಳ ನಡುವೆ ನಾಲ್ಕಾರು ವಾದಕರನ್ನು ಕುಳ್ಳಿರಿಸಿ, ಪಿಟೀಲು, ಚೆಲ್ಲೊ ಮುಂತಾದ ತಂತಿವಾದ್ಯಗಳಲ್ಲಿ ಚಿತ್ರಗೀತೆಗಳನ್ನು ನುಡಿಸುವ ಗೋಷ್ಠಿಗಳಿವು. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ನಮ್ಮ ತರುಣರು ಮಿತ್ರರೊಡಗೂಡಿ ಇವುಗಳಿಗೆ ಹೋಗುತ್ತಾರೆ. ಹಿರಿಯರಲ್ಲಿ ಕೆಲವರು ಇದನ್ನು ಪಾಶ್ಚಾತ್ಯರ ಅನುಕರಣೆಯೆಂದು ತಳ್ಳಿಹಾಕುತ್ತಾರೆ. ಈ ತೀರ್ಪು ಎಷ್ಟರ ಮಟ್ಟಿಗೆ ಸರಿ? ದೀಪ, ಹಾಡು, ರಂಗ ಈ ಮೂರರ ಸಂಬಂಧವನ್ನು ಇತಿಹಾಸದ ದೃಷ್ಟಿಯಿಂದ ವಿಚಾರಿಸಿದಲ್ಲದೆ ಉತ್ತರ ದೊರೆಯದು.

ಯುರೋಪಿನಲ್ಲಿಯೂ ಮೇಣದ ಬತ್ತಿ ಮೊದಲಿಗೆ ಅಲಂಕಾರವಾಗಿರಲಿಲ್ಲ. ವಾದಕನಿಗೆ ಸ್ವರಲಿಪಿಯ ಹಾಳೆ ಕಾಣಬೇಕಾಗಿತ್ತು, ಅಷ್ಟೆ. 1772ರಲ್ಲಿ ಹೈಡನ್ ರಚಿಸಿದ 'ಬೀಳ್ಕೊಡುಗೆ' ಸಿಂಫನಿಯ ಕೊನೆಯ ಭಾಗದಲ್ಲಿ ವಾದಕರು ಒಬ್ಬೊಬ್ಬರಾಗಿ ನುಡಿಸುವುದನ್ನು ನಿಲ್ಲಿಸಿ, ತಮ್ಮ ಮುಂದಿನ ಬತ್ತಿಯನ್ನು ಆರಿಸಿ ಎದ್ದು ಹೋಗುತ್ತಾರೆ. ಸಂಸಾರವನ್ನು ದೂರದಲ್ಲಿ ಬಿಟ್ಟು ಎಸ್ಟರ್‌ಹಾಜಿ ಅರಸನ ಬೇಸಗೆಯ ಅರಮನೆಯಲ್ಲಿ ತಿಂಗಳುಗಟ್ಟಲೆ ದುಡಿಯುತ್ತಿದ್ದ ವಾದಕರು ಮನೆಗೆ ಮರಳಲು ಕೇಳಿಕೊಂಡ ಅಪ್ಪಣೆಯದು. ಪ್ರೇಕ್ಷಕರನ್ನು ಕತ್ತಲೆಯಲ್ಲಿ ಕುಳ್ಳಿರಿಸುವ ಪದ್ಧತಿ ಇನ್ನೂ ಈಚಿನದು. 1876ರಲ್ಲಿ ಬೈರಾಯ್ಟಿನ ರಂಗಮಂದಿರದಲ್ಲಿ ವಾಗ್ನರ್ ಸಭೆಯ ದೀಪಗಳನ್ನು ಕುಗ್ಗಿಸಿದುದು ಅದಕ್ಕೆ ಮೇಲ್ಪಂಕ್ತಿಯಾಯಿತು.

ನಮ್ಮಲ್ಲಿ ದೀಪದ ಬೆಳಕಿನ ಹಾಡಿಗೆ ಬೇರೆಯೇ ಆದ ಪರಂಪರೆಯಿದೆ. ಬಯಲಾಟದ ರಂಗಸ್ಥಳದ ಇಕ್ಕೆಲಗಳಲ್ಲಿ ಎಣ್ಣೆಯ ದೀವಟಿಗೆಗಳು ಉರಿಯುತ್ತಿದ್ದ ಕಾಲದಲ್ಲಿ ಭಾಗವತನ ಪದ ರಾತ್ರಿಯಿಡೀ ಸಾಗುತ್ತಿತ್ತು. ಬೆಳಕು ಪಾತ್ರಧಾರಿಯ ಮುಖಕ್ಕೆ. ಹಾಡಿನ ಅರ್ಥವಾದರೋ ಮಾತಿನಲ್ಲಿ ಬಿಡಿಸಲ್ಪಡುತ್ತಿತ್ತು. ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳವು 1842ರಲ್ಲಿ ಸಾಂಗಲಿಯ ಸಂಸ್ಥಾನದಲ್ಲಿ ಆಟವಾಡಿತು. ಅದನ್ನು ಕಂಡು ಮೆಚ್ಚಿದ ಅರಸರು ಅಂಥದೇ ಆಟವನ್ನು ಮರಾಠಿಯಲ್ಲಿ ಕಟ್ಟುವಂತೆ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರಲ್ಲಿ ಪ್ರಯೋಗವಾದ 'ಸೀತಾಸ್ವಯಂವರ'ದಿಂದ ಮರಾಠಿ ರಂಗಭೂಮಿಯ ಇತಿಹಾಸವನ್ನು ಎಣಿಸುತ್ತಾರೆ. ವಾಶಿಯ ನಾಟ್ಯಗೃಹಕ್ಕೆ ಇರುವುದು ಈ ಭಾವೆಯವರ ಹೆಸರು. ಅಲ್ಲಿ ಕುಳಿತು ಹಾಡು ಕೇಳುವ ನವಿಮುಂಬಯಿಯ ಕನ್ನಡಿಗನು ಆ ಹೆಸರಿನ ಹಿಂದೆ ಕರ್ಕಿಯ ದೀವಟಿಗೆಯಿದೆಯೆಂಬುದನ್ನು ಮರೆಯಲಾಗದು.

ಮುಂದೆ 1880ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ 'ಶಾಕುಂತಲ'ವನ್ನು ಆಡಿಸಿದರು. ಸಂಗೀತನಾಟಕವು ಅಲ್ಲಿಂದ ಬೆಳೆಯಿತು. ನಾಟಕದ ಹಾಡೇ ಮುಂದೆ ಚಿತ್ರದ ಹಾಡಿಗೆ ದಾರಿ ಮಾಡಿತು. 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡ 'ಆಲಂ ಆರಾ'ದಲ್ಲಿ ಏಳು ಹಾಡುಗಳಿದ್ದವು. ವಾದಕರನ್ನು ಕ್ಯಾಮರಾದ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳ್ಳಿರಿಸಿ ಅವನ್ನು ಚಿತ್ರೀಕರಿಸಲಾಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಸಿದ್ಧವಾದದ್ದು ಕೊಲ್ಲಾಪುರದಲ್ಲಿ. 1935ರ 'ಧೂಪ್ ಛಾಂವ್' ಚಿತ್ರದಿಂದ ಹಿನ್ನೆಲೆ ಗಾಯನವು ಬಳಕೆಗೆ ಬಂದಮೇಲೆ ಗಾಯಕನೂ ವಾದಕನಂತೆ ಮರೆಗೆ ಸರಿದನು. ಭಾಗವತನು ಸಭೆಯ ಎದುರಿಗಿದ್ದನು. ಚಿತ್ರಗೀತೆಯ ಗಾಯಕನು ಕೇವಲ ದನಿಯಾದನು.

ಹೀಗೆ ದನಿ ಮಾತ್ರವಾದವರಲ್ಲಿ ಕನ್ನಡ ನೆಲದವರೂ ಇದ್ದರು. ಬಿಜಾಪುರ ಸೀಮೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿಯವರ ಕಂಠವು 1943ರ 'ಕಿಸ್ಮತ್' ಚಿತ್ರದಿಂದ ದೇಶವೆಲ್ಲ ಪರಿಚಿತವಾಯಿತು. ಕರಾವಳಿ ಮೂಲದ ಸುಮನ್ ಕಲ್ಯಾಣಪುರ ಅವರು ಮುಂಬಯಿಯಲ್ಲಿ ನೆಲಸಿ ಹಲವು ಭಾಷೆಗಳಲ್ಲಿ ಹಾಡಿದರು. ಅತ್ತ 1967ರಲ್ಲಿ ಲತಾ ಮಂಗೇಶ್ಕರರು 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'ಕ್ಕೂ, ಮಹಮ್ಮದ್ ರಫಿಯವರು 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕೂ ಕನ್ನಡದಲ್ಲಿ ಹಾಡಿದರು. ಕನ್ನಡವನ್ನರಿಯದ ಗಾಯಕರೂ ಕನ್ನಡದ ಪದಗಳನ್ನು ಒಂದೊಂದಾಗಿ ನಾಲಗೆಗೆ ಒಗ್ಗಿಸಿಕೊಳ್ಳಬೇಕಾಯಿತೆಂಬ ಅಂಶ ಇಲ್ಲಿ ಮುಖ್ಯವಾದುದು. ಏಕೆಂದರೆ ರಾಗ ಎಲ್ಲರದೂ ಆದೀತು, ನುಡಿ ಆಡುವವರದು.

ಮರೆಯಲ್ಲಿದ್ದ ಹಾಡನ್ನು ಮತ್ತೆ ಜನರೆದುರು ತಂದದ್ದು ವಾದ್ಯಗೋಷ್ಠಿ. 1952ರಲ್ಲಿ ಆಕಾಶವಾಣಿಯು ಚಿತ್ರಗೀತೆಗಳನ್ನು ಬಹುಮಟ್ಟಿಗೆ ಕೈಬಿಟ್ಟಾಗ ಶ್ರೋತೃಗಳು ರೇಡಿಯೊ ಸಿಲೋನಿನತ್ತ ಹೊರಳಿದರು; 1957ರಲ್ಲಿ ವಿವಿಧಭಾರತಿ ಆರಂಭವಾಯಿತು. ಆದರೆ ರೇಡಿಯೊದ ಹಾಡಿಗೆ ಮುಖವಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಗಣೇಶೋತ್ಸವದ ಚಪ್ಪರ, ಬಳಿಕ ಊರೂರಿನ ರಂಗಮಂದಿರ. ಥಾಣೆಯ ಗಡಕರಿ ರಂಗಾಯತನ 1978ರಲ್ಲಿ ತೆರೆಯಿತು. ಕಲ್ಯಾಣದಲ್ಲಿ ಆಚಾರ್ಯ ಅತ್ರೆ ರಂಗಮಂದಿರ, ಡೊಂಬಿವಲಿಯಲ್ಲಿ ಸಾವಿತ್ರಿಬಾಯಿ ಫುಲೆ ಕಲಾಮಂದಿರಗಳು ಉಂಟಾದುವು. ಮೈಸೂರು ಅಸೋಸಿಯೇಶನ್ (1926), ಕರ್ನಾಟಕ ಸಂಘ (1933) ಮೊದಲಾದ ಸಂಸ್ಥೆಗಳು ಮುಂಬಯಿಯಲ್ಲಿ ಹಾಕಿದ ಮಾರ್ಗದಲ್ಲಿ ಉಪನಗರಗಳ ಕನ್ನಡ ಸಂಘಗಳೂ ನಡೆದುವು. ಅವುಗಳ ವಾರ್ಷಿಕೋತ್ಸವಗಳಲ್ಲಿ 'ರಸಮಂಜರಿ'ಯೆಂಬ ಕಾರ್ಯಕ್ರಮವು ಸ್ಥಾನ ಪಡೆಯಿತು. ಪಂಡಿತರು ಅದನ್ನು ಲಘುವಾಗಿ ಕಂಡರೂ, ಲೋಕಲ್ ಗಾಡಿಯಲ್ಲಿ ದಿನಕ್ಕೆ ಮೂರು ತಾಸು ಕಳೆಯುವ ಕನ್ನಡಿಗನು ತನ್ನ ನುಡಿಯನ್ನು ನೂರಾರು ಜನರೊಡನೆ ಕೂಡಿ ಕೇಳಿದ್ದು ಅಲ್ಲಿಯೇ. ವರುಷಕ್ಕೊಮ್ಮೆಯಾದರೂ ಪಲ್ಲವಿಗೆ ಸಭೆಯೇ ದನಿಗೂಡಿಸುತ್ತಿತ್ತು.

ಈ ಹಿನ್ನೆಲೆಯಲ್ಲಿ ಮೇಣದ ಬತ್ತಿಯ ಗೋಷ್ಠಿಯನ್ನು ನೋಡಬೇಕು. ಅದರ ಗುಣವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಗದ್ದಲವಿಲ್ಲದೆ, ಮಾತಿಲ್ಲದೆ ಚಿತ್ರಗೀತೆಯನ್ನು ಶಾಸ್ತ್ರೀಯ ಸಂಗೀತದಷ್ಟೇ ಗಮನವಿಟ್ಟು ಕೇಳುವ ಶಿಸ್ತನ್ನು ಅದು ಕಲಿಸುತ್ತದೆ. ಸ್ವರಸಂಯೋಜಕನ ಕೌಶಲವು ಅಲ್ಲಿ ಸ್ಫುಟವಾಗಿ ಕೇಳಿಸುತ್ತದೆ. ಬತ್ತಿಗಳು ಹಲವೆಡೆ ಬ್ಯಾಟರಿಯವು ಎಂಬುದೂ ದೊಡ್ಡ ಆಕ್ಷೇಪಣೆಯಲ್ಲ. ಪೆಟ್ರೋಮ್ಯಾಕ್ಸ್ ಬಂದಾಗಲೂ ದೊಂದಿಯ ಅಭಿಮಾನಿಗಳು ಮರುಗಿರಬೇಕು. ನಿಜವಾದ ನಷ್ಟವಿರುವುದು ಬೇರೆಡೆ. ತಂತಿವಾದ್ಯಕ್ಕೆ ಬಂದ ಹಾಡಿನಲ್ಲಿ ಸಾಹಿತ್ಯವಿಲ್ಲ. ಪದ ಬಲ್ಲವನು ಮನಸ್ಸಿನಲ್ಲಿ ಹಾಡಿಕೊಳ್ಳುತ್ತಾನೆ. ಬಲ್ಲದವನಿಗೆ ಅದು ಇಂಪಾದ ನಾದ ಮಾತ್ರ. ನಾಡಿನೊಳಗಿರುವವನಿಗೆ ಈ ಕೊರತೆ ಬೀದಿಗಿಳಿದೊಡನೆ ತುಂಬಿಬರುತ್ತದೆ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಮೂರನೆಯ ತಲೆಮಾರಿಗೆ ಹಾಡಿನ ಹೊರತು ಕನ್ನಡದ ದಾರಿಗಳು ಬಹಳವಿಲ್ಲ.

ಆದುದರಿಂದ ನಮ್ಮ ಸಂಘಗಳು ಈ ಹೊಸ ರೂಪವನ್ನು ನಿಂದಿಸುವುದಕ್ಕಿಂತ ಕೈಗೆತ್ತಿಕೊಳ್ಳುವುದು ಉಚಿತ. ಕನ್ನಡ ಚಿತ್ರಗೀತೆಗಳನ್ನೇ ಆರಿಸಿ, ಪ್ರತಿ ಹಾಡಿಗೆ ಮುನ್ನ ಕವಿಯ ಹೆಸರನ್ನೂ ಪಲ್ಲವಿಯ ಅರ್ಥವನ್ನೂ ಭಾಗವತನ ಮೇಳದಲ್ಲಿ ಮಾಡುತ್ತಿದ್ದಂತೆ ನಾಲ್ಕು ಮಾತಿನಲ್ಲಿ ತಿಳಿಸಬಹುದು. ವಾದ್ಯಗಳ ನಡುವೆ ಒಬ್ಬ ಗಾಯಕನಿಗಾದರೂ ಎಡೆ ಕೊಡಬಹುದು. ಇದಕ್ಕೆ ಹೆಚ್ಚಿನ ಧನವೇನೂ ಬೇಕಿಲ್ಲ. ಬೆಳಕು ಎಷ್ಟೇ ಮಂದವಾಗಿರಲಿ, ನುಡಿ ಸ್ಪಷ್ಟವಾಗಿ ಕೇಳಿಸುವಂತಿದ್ದರೆ ಆ ಸಭೆ ನಮ್ಮದಾಗುತ್ತದೆ.